ಕಡಿಮೆ ಬಿದ್ದ ಮಾತ್ರೆಗಳು

ಹೊಸದುರ್ಗ
೫ ಜುಲೈ ೨೦೨೪

ಅಕ್ಕ ಬೋರಕ್ಕನಿಗೆ ತಮ್ಮ ಪರಮೇಶ್ವರಪ್ಪನ ಶರಣು. ಮತ್ತೋಡಿನಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ಮರುಳಸಿದ್ದಮ್ಮ ಅಡುಗೆಮನೆಯಿಂದಲೇ ಕಿವಿ ಕೊಡುತ್ತಾಳೆ. ಹೆಂಡತಿಯ ಮೇಲಿನ ದೂರನ್ನು ಅವಳಿಗೇ ಕೇಳಿಸಲೇ?

ನನ್ನ ಎದೆಬಡಿತ ತಗ್ಗಿಸಲು ಡಾಕ್ಟರ್ ಪಲ್ಲವಿ ಬೀಟಾ ಬ್ಲಾಕರ್ ಎಂಬ ಮಾತ್ರೆ ಕೊಟ್ಟಿದ್ದಾರೆ, ದಿನಕ್ಕೊಂದು. ಅಂದಿನಿಂದ ಕೈಕಾಲು ತಣ್ಣಗೆ, ನಾಡಿ ಐವತ್ತಾರು. ಮೊದಲು ಅನುಮಾನ ಬಂದದ್ದು ಮಾತ್ರೆಯ ಮೇಲೆಯೇ. ಡಾಕ್ಟರನ್ನೇ ಕೇಳಿದೆ. "ಅದು ಕೆಲ್ಸ ಮಾಡೋದೇ ಹಂಗೆ. ತಲೆ ಸುತ್ತಿದ್ರೆ ಬರ್ರಿ. ನೀವಾಗೇ ದಿಢೀರಂತ ನಿಲ್ಲಿಸ್ಬೇಡ್ರಿ, ಹಾರ್ಟಿಗೆ ಅಪಾಯ ಐತೆ" ಎಂದರು.

ಆದರೆ ಮೂವತ್ತು ಮಾತ್ರೆ ಹದಿನೈದು ದಿನಕ್ಕೇ ಮುಗಿಯುತ್ತಿವೆ. ಮೆಡಿಕಲ್ ಅಂಗಡಿಯ ಗೌಸ್ ಸಾಹೇಬರನ್ನು ಕೇಳಿದೆ. "ಶೀಟು ಸೀಲಾಗೇ ಬರ್ತೈತೆ ಯಜಮಾನ್ರೇ, ನಾನೆಲ್ಲಿ ಕದೀಲಿ?" ಎಂದು ನಕ್ಕರು. ನನ್ನಂಥ ಕೊಬ್ಬರಿ ವ್ಯಾಪಾರದವನಿಗೆ ಎಣಿಕೆ ತಪ್ಪುತ್ತದೆಯೇ? ಮಾತ್ರೆಗಳನ್ನೆಲ್ಲ ಬಿಡಿಸಿ, ಕಾಯಿ ಎಣಿಸಿದ ಹಾಗೆ ಐದೈದರಂತೆ ಎಣಿಸಿ ಡಬ್ಬಿಗೆ ಹಾಕಿದೆ. ದಿನಾ ಬೆಳಿಗ್ಗೆ ನಾನು ಲಿಂಗಪೂಜೆಗೆ ಕುಳಿತು ಏಳುವಷ್ಟರಲ್ಲಿ ಒಂದು ಕಡಿಮೆ. ಆ ಹೊತ್ತಿನಲ್ಲಿ ಒಳಗಿರುವುದು ಅವಳೊಬ್ಬಳೇ. ಇಂಗ್ಲಿಷ್ ಔಷಧಿ ಅವಳಿಗೆ ಮೊದಲಿನಿಂದಲೂ ಆಗದು. ಎತ್ತಿ ಬಚ್ಚಲಿಗೆ ಚೆಲ್ಲುತ್ತಿದ್ದಾಳೆ. ಕೇಳಿದರೆ ಏದುಸಿರು ಬಿಡುತ್ತಾ ಒಳಗೆ ಹೋಗುತ್ತಾಳೆ. ಕದ್ದವರಿಗೆ ಉಸಿರು ಸಿಕ್ಕಿಕೊಳ್ಳದೆ ಇರುತ್ತದೆಯೇ? ಸೋಮವಾರ ಹಿಡಿದೇ ತೀರುತ್ತೇನೆ.

ನಿನ್ನ ತಮ್ಮ,
ಪರಮೇಶ್ವರಪ್ಪ

೧೧ ಜುಲೈ ೨೦೨೪

ಅಕ್ಕ, ನಿನ್ನ ಉತ್ತರಕ್ಕೆ ಕಾಯದೆ ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ.

ಸೋಮವಾರ ಪೂಜೆಗೆ ಕುಳಿತ ಹಾಗೆ ಮಾಡಿ ಎದ್ದು ಬಂದೆ. ಅವಳು ಡಬ್ಬಿಯಿಂದ ಮಾತ್ರೆ ತೆಗೆದು ತಾನೇ ನುಂಗುತ್ತಿದ್ದಳು. ನಾನು ರೇಗಿದೆ. ಉತ್ತರ ಕೊಡಲು ಹೋದವಳು ಉಸಿರಿಗೆ ಒದ್ದಾಡುತ್ತಾ ಗೋಡೆಗೆ ಒರಗಿದಳು. ಆಗಲೂ ನಾಟಕವೆಂದುಕೊಂಡೆ. ತುಟಿ ನೀಲಿಯಾದ ಮೇಲೆ ಆಟೋ ಕರೆದೆ.

ಅವಳಿಗೂ ಎದೆ ಡವಗುಟ್ಟುತ್ತಿತ್ತಂತೆ. ನನಗೆ ಗುಣ ಕಂಡದ್ದು ತನಗೂ ಆದೀತೆಂದು ನುಂಗಿದ್ದಾಳೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ, ನಿನಗೆ ಗೊತ್ತಲ್ಲ. "ಉಬ್ಬಸ ಇದ್ದೋರಿಗೆ ಇದು ಉಸಿರ್ನಾಳ ಬಿಗಿ ಮಾಡ್ಬೋದು. ಒಬ್ರ ಮಾತ್ರೆ ಇನ್ನೊಬ್ರು ನುಂಗ್ತಾರೇನ್ರಿ?" ಎಂದು ಡಾಕ್ಟರ್ ಪಲ್ಲವಿ ನನಗೇ ಬೈದರು. ಈಗ ಆಕ್ಸಿಜನ್ ತೆಗೆದಿದ್ದಾರೆ, ಗಂಜಿ ಕುಡಿದಳು.

ನಿನ್ನ ಆಶೀರ್ವಾದ ಅವಳ ಮೇಲಿರಲಿ.

ನಿನ್ನ ತಮ್ಮ,
ಪರಮೇಶ್ವರಪ್ಪ

ತಾ.ಕ.: ಎದೆ ಡವಗುಟ್ಟುವುದನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ದೆ ರೀ, ಹೋದ ದೀಪಾವಳಿಗೆ. ನಾಟಕ ಆಡ್ತೀಯ ಅಂದ್ರಿ" ಎಂದಳು. ನನಗೆ ಅದು ನೆನಪೇ ಇಲ್ಲ, ಅಕ್ಕ.