ಕುದಿಸಬಾರದ ಎಣ್ಣೆ

ಮೆಲೊ
ಏಪ್ರಿಲ್ ೧೯

ಎರಿಬೆರ್ತೊ,

ಮೂರು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕುಶಲ ಕೇಳುವ ಮೊದಲು ಒಂದು ಮಾತು. ನೀನು ಮೊಂಟೆವಿಡಿಯೊದಿಂದ ಕಳಿಸಿದ ವೃದ್ಧಾಶ್ರಮದ ಅರ್ಜಿ ತಲುಪಿದೆ. ನಿನ್ನ ತಾಯಿಗೆ ಸಹಿ ಹಾಕಲು ಆಗದಿದ್ದರೆ ಹೆಬ್ಬೆಟ್ಟು ಒತ್ತಿಸು ಎಂದಿದ್ದೀಯ. ಒತ್ತಿಸುವುದಿಲ್ಲ. ನೀನು ನನ್ನನ್ನು ಬಿಟ್ಟು ಹೋದೆ. ಅತ್ತೆ ಬಿಡಲಿಲ್ಲ, ನಾನೂ ಬಿಡುವುದಿಲ್ಲ.

ಗಾಂಜಾ ಎಣ್ಣೆಯ ವಿಷಯ ನಿನ್ನ ಅಕ್ಕ ನಗುತ್ತಾ ಹೇಳಿರಬೇಕು. ಹೋದ ವರ್ಷ ಆದದ್ದು ನಗುವಂಥದ್ದೇ. ಕಾನೂನಿನಂತೆ ಸರ್ಕಾರದಲ್ಲಿ ಹೆಸರು ನೋಂದಾಯಿಸಿ ಹಿತ್ತಲಲ್ಲಿ ಆರು ಗಿಡ ಬೆಳೆಸಿದ್ದೆ, ಅತ್ತೆಯ ಬೆರಳ ಗಂಟುಗಳ ನೋವಿಗೆಂದು. ಅವರು ಅಷ್ಟೂ ಹೂವನ್ನು ಹುರಿಯದೆ ದನದ ಕೊಬ್ಬಿಗೆ ಹಾಕಿಸಿದರು. ಮಳೆ ಬಂತು. ಮಳೆ ಬಂದರೆ ಈ ಊರಿನಲ್ಲಿ ತೋರ್ತಾ ರೊಟ್ಟಿ ಕರಿಯದ ಮನೆ ಯಾವುದು? ಹೊಗೆಯಾಡುವ ಅದೇ ಕೊಬ್ಬಿನಲ್ಲಿ ಕರಿಸಿದರು. ಏಳು ರೊಟ್ಟಿ ತಿಂದು, "ಲೇ ಸುಲ್ಮಾ, ಇದ್ರ ಬದ್ಲು ಪುದೀನಾ ಬೆಳೆಸಿದ್ರೆ ಸೂಪಿಗಾದ್ರೂ ಆಗ್ತಿತ್ತು" ಎಂದರು. ನೋವು ಹಾಗೇ ಉಳಿಯಿತು, ಒಂದು ವರ್ಷದ ಬೆಳೆ ಹೊಗೆಯಾಗಿ ಹೋಯಿತು.

ಈ ಸಲ ಓದಿ, ಕೇಳಿ ಕಲಿತೆ. ಒಣಗಿದ ಹೂವನ್ನು ಪುಡಿ ಮಾಡದೆ ಒರಟಾಗಿ ಮುರಿದು, ಮುಚ್ಚಿದ ತಟ್ಟೆಯಲ್ಲಿ ನೂರಹತ್ತು ಡಿಗ್ರಿಗೆ ನಲವತ್ತು ನಿಮಿಷ ಓವನ್‌ನಲ್ಲಿ ಇಡಬೇಕು. ಇಡದಿದ್ದರೆ ಅದರ ಸತ್ವ ಏಳುವುದಿಲ್ಲ; ಬಿಸಿ ಹೆಚ್ಚಾದರೆ ಎದ್ದದ್ದೂ ಉಳಿಯುವುದಿಲ್ಲ. ಅತ್ತೆ ಪಕ್ಕದಲ್ಲೇ ನಿಂತು, "ಅಡುಗೆ ಮಾಡ್ತಿದ್ದೀಯೋ ಪರೀಕ್ಷೆ ಬರೀತಿದ್ದೀಯೋ?" ಎಂದು ಕೆಣಕುತ್ತಿದ್ದರು.

ಆಮೇಲೆ ಅದನ್ನು ಎಣ್ಣೆಗೆ ಹಾಕಿ, ಪಾತ್ರೆಯನ್ನು ನೀರಿನ ಬಾಣಲೆಯಲ್ಲಿಟ್ಟೆ. ನಾನು ಬೆನ್ನು ತಿರುಗಿಸಿದಾಗಲೆಲ್ಲ ಅತ್ತೆ ಮೊಣಕೈಯಿಂದ ಉರಿ ಏರಿಸುತ್ತಿದ್ದರು. ಥರ್ಮಾಮೀಟರ್ ತೋರಿಸಿದೆ, ಬೈದೆ, ಬೇಡಿಕೊಂಡೆ. ಕೊನೆಗೆ, "ಅತ್ತೆ, ಇದನ್ನ ಮಾಟೆ ನೀರು ಅಂದ್ಕೊಳ್ಳಿ" ಎಂದೆ.

ಅವರ ಕೈ ನಿಂತಿತು. ಮದುವೆಯಾದ ಹೊಸತರಲ್ಲಿ ಬೆಳಗಿನ ಮಾಟೆ ಕುಡಿಯಲೆಂದು ನಾನು ಸೊಪ್ಪಿಗೆ ಕುದಿದ ನೀರು ಸುರಿದು ಕಹಿ ಮಾಡಿದಾಗ, "ಹಂದಿ ಕೂದ್ಲು ಕೀಳೋಕೆ ಕಾಯಿಸಿದ್ಯಾ?" ಎಂದು ಕೆಟಲನ್ನೇ ಅಂಗಳಕ್ಕೆ ಚೆಲ್ಲಿದವರು ಅವರು. "ಮೊದ್ಲೇ ಹಂಗೆ ಹೇಳ್ಬಾರ್ದಾ, ದಡ್ಡಿ!" ಎಂದು ಸ್ಟೂಲು ಎಳೆದುಕೊಂಡು ಕೂತರು. ಎರಡು ಗಂಟೆ ಕಿವಿಗೊಟ್ಟು ಕಾದರು. ನೀರು ಗುನುಗಲು ಶುರುವಾದರೆ ಉರಿ ತಗ್ಗಿಸು ಎನ್ನುವರು. ಥರ್ಮಾಮೀಟರ್ ಒಮ್ಮೆಯೂ ತೊಂಬತ್ತು ದಾಟಲಿಲ್ಲ.

ಬಟ್ಟೆಯಲ್ಲಿ ಹಿಂಡದೆ ಸೋಸಿ, ಕಪ್ಪು ಬಾಟಲಿಗೆ ತುಂಬಿದೆ. ಬೆಂದ ಕುಂಬಳಕಾಯಿಯ ಮೇಲೆ, ಒಲೆಯಿಂದ ಇಳಿಸಿದ ಮೇಲೆಯೇ, ಡಾಕ್ಟರು ಹೇಳಿದಷ್ಟೇ ಹನಿ.

ಮೊದಲ ಐದು ದಿನ ಏನೂ ಆಗಲಿಲ್ಲ. ಒಪ್ಪಿಕೊಳ್ಳುತ್ತೇನೆ, ಆರನೆಯ ದಿನ ನಿನ್ನ ಅರ್ಜಿಯಲ್ಲಿ ಅವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ. ಎಂಟನೆಯ ಬೆಳಿಗ್ಗೆ ಅವರು ಸ್ವೆಟರಿನ ಗುಂಡಿಯನ್ನು ತಾವೇ ಹಾಕಿಕೊಂಡು ಬಂದರು. ಒಂದು ಗುಂಡಿ ತಪ್ಪಿತ್ತು, ನಾನು ಸರಿಮಾಡಲಿಲ್ಲ. ಅರ್ಜಿ ಹರಿದೆ. ಕೆಟ್ಟ ದಿನಗಳು ಈಗಲೂ ಇವೆ. ಆ ದಿನಗಳಿಗೆ ನಾನಿದ್ದೇನೆ.

ಶನಿವಾರ ಊಟಕ್ಕೆ ಬಾ. ಅವರನ್ನು ಕರೆದೊಯ್ಯಲು ಬರುವುದಾದರೆ ಬರಬೇಡ.

ಸುಲ್ಮಾ

ಮ.ವಿ.: ಮಗನೇ, ಬರವಣಿಗೆಯ ಗುರುತು ಸಿಕ್ಕಿತೇ? ಈ ಇಡೀ ಕಾಗದ ಅವಳು ಹೇಳಿದಳು, ನಾನು ಬರೆದೆ. ನಾಲ್ಕು ದಿನ ಹಿಡಿಯಿತು. ನೀನಿಲ್ಲದೆ ಈ ಮನೆ ನೆಮ್ಮದಿಯಾಗಿದೆ ಎಂದೂ ಒಂದು ಸಾಲು ಹೇಳಿದ್ದಳು. ಸುಳ್ಳು ಬರೆಯುವಷ್ಟು ಬೆರಳು ಇನ್ನೂ ವಾಸಿಯಾಗಿಲ್ಲ, ಬಿಟ್ಟುಬಿಟ್ಟೆ. ಅವಳಿಗೆ ಹೇಳಬೇಡ.
— ಅಮ್ಮ