ಖಾಲಿ ಮನೆಯಲ್ಲೊಂದು ರಜೆ

ಮೇ ೧೯, ಭಾನುವಾರ

ಮಕ್ಕಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ರಜೆ ಮುಗಿಯುತ್ತ ಬಂತು, ಕೈಯಲ್ಲಿ ಬಸ್ ಚಾರ್ಜಿಗೂ ಗತಿಯಿಲ್ಲ. ಅದಕ್ಕೇ ಇವತ್ತು, ನಾನು ಬಣ್ಣ ಹೊಡೆಯುತ್ತಿರುವ ಖಾಲಿ ಮನೆಗೆ, ಮಾಲೀಕರನ್ನು ಕೇಳಿಕೊಂಡು, ಎಲ್ಲರನ್ನೂ ಕರೆದುಕೊಂಡು ಹೋದೆ.

"ಬಣ್ಣದ ವಾಸನೆ ಕುಡಿಸೋಕೆ ಪ್ರವಾಸನಾ?" ಎಂದು ಹೆಂಡತಿ ಮೂಗು ಮುರಿದಳು.

ಅಲ್ಲಿ ನಾಲ್ಕು ರೂಮು, ನಾವು ನಾಲ್ಕು ಜನ. ಸಂಜೆಯವರೆಗೆ ಒಬ್ಬೊಬ್ಬರಿಗೆ ಒಂದೊಂದು ರೂಮು, ಬಾಗಿಲು ತಟ್ಟದೆ ಯಾರೂ ಒಳಗೆ ಹೋಗುವಂತಿಲ್ಲ ಎಂದೆ. ಒಂದೇ ಕೋಣೆಯಲ್ಲಿ ಬೆಳೆದ ಮಕ್ಕಳು, ತಮ್ಮದೇ ರೂಮು ಸಿಕ್ಕರೆ ಹೊರಗೇ ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲಿ! ಇಡೀ ದಿನ ಒಬ್ಬರ ಬಾಗಿಲು ಇನ್ನೊಬ್ಬರು ತಟ್ಟಿದ್ದೇ ತಟ್ಟಿದ್ದು.

"ಯಾರದು?"

"ನಿನ್ನ ತಂಗಿ ಕಣೋ. ಒಳಗೆ ಬರ್ಲಾ?"

ಹೆಂಡತಿಯೂ ಮೂರು ಸಲ ನನ್ನ ಬಾಗಿಲು ತಟ್ಟಿದಳು. ಕೆಲಸವೇನೂ ಇರಲಿಲ್ಲ.

ತಟ್ಟುವುದರಲ್ಲಿ ಅಂಥ ರುಚಿ ಏನಿದೆ? ಮನೆಗೆ ಬಂದ ಮೇಲೂ ಅದೇ ತಲೆ ಕೊರೆಯುತ್ತಿದೆ. ನಮ್ಮ ಮನೆಯಲ್ಲಿ 'ಬಾ' ಅನ್ನೋಣವೆಂದರೆ ಯಾರೂ ಹೊರಗೇ ಇರುವುದಿಲ್ಲ.

ಇದೀಗ ಚಿಕ್ಕವಳು ನಿದ್ದೆಗಣ್ಣಲ್ಲಿ ಎದ್ದು ಬಂದು ನನ್ನ ಮಂಚದ ಕಾಲು ತಟ್ಟಿದಳು.

"ಯಾರದು?"

"ನಾನು. ಒಳಗೆ ಬರ್ಲಾ ಅಪ್ಪಾ?"

ಬಾ ಅಂದೆ. ಈಗ ಮೊಣಕೈ ಊರಿ ಬರೆಯಲು ಜಾಗವಿಲ್ಲ, ಹೊದಿಕೆಯನ್ನೂ ಪೂರ್ತಿ ಅವಳೇ ಎಳೆದುಕೊಂಡಿದ್ದಾಳೆ.