ಹಸು ಒದೆಯದ ಮನುಷ್ಯ

ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನ

ಪ್ರಯೋಗಾಲಯದ ಮುಖ್ಯಸ್ಥೆಗೆ, ಕಾಗದದ ಮೇಲೆ ಇನ್ನೂ ನನ್ನ ಹೆಂಡತಿಯಾಗಿರುವವಳಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ನಗರದಲ್ಲಿ ಪತ್ತೇದಾರಿಕೆ ಮಾಡಿದ ಗಂಡನನ್ನು ಐದೇ ನಿಮಿಷದ ಸಾಕ್ಷ್ಯದಲ್ಲಿ ಈ ಹಳ್ಳಿಗೆ ಎತ್ತಿ ಹಾಕಿಸಿದವಳಿಗೆ ಏನು ಕೇಡು? ಆರೋಪಿಯ ಬೂಟಿಗೆ ಹತ್ತಿದ ಮಣ್ಣು ಕೊಲೆಯಾದ ಜಾಗದ್ದಲ್ಲ, ಠಾಣೆಯ ಹೂಕುಂಡದ್ದು ಎಂದು ಕೋರ್ಟಿನಲ್ಲಿ ನೀನು ಹೇಳಿದೆ. ಹಿಂದಿನ ದಿನ ನನ್ನೆದುರೇ ಕೂತು ಉಂಡೆಯಲ್ಲ, ಆಗ ತುಟಿ ಪಿಟಕ್ಕೆನ್ನಲಿಲ್ಲ.

ಇಲ್ಲಿ ಠಾಣೆಯೆಂದರೆ ಒಂದೂವರೆ ಕೋಣೆ. ಆ ಅರ್ಧ ಕೋಣೆ ಲಾಕಪ್ಪು. ಅದರ ತುಂಬ ತುಕ್ಕು ಹಿಡಿದ ಸೈಕಲ್ಲುಗಳು. ಹೆಡ್ ಕಾನ್‌ಸ್ಟೇಬಲ್ ನನಗಿಂತ ಹಿರಿಯ. "ಪುಣ್ಯ ಮಾಡಿದೋರು ಯಾರೂ ಇಲ್ಲಿಗೆ ಬರಲ್ಲ ಸಾರ್" ಎಂದು ಮೊದಲ ದಿನವೇ ಸ್ವಾಗತ ಕೋರಿದ. ನಾನು ಹೋದಲ್ಲೆಲ್ಲ ಊರವರು ಮಾತು ನಿಲ್ಲಿಸುತ್ತಾರೆ. ನನಗೂ ಅವರ ಮುಖ ಕಂಡರಾಗದು.

ವಿಷಯಕ್ಕೆ ಬರುತ್ತೇನೆ. ಶನಿವಾರ ಒಂಟಿ ಹೆಂಗಸೊಬ್ಬಳು ತನ್ನ ಹಿತ್ತಲ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಸಂಜೆ ಆರಕ್ಕೆ ಹಾಲಿಗೆಂದು ಬಂದ ಪಕ್ಕದ ಮನೆಯವಳು ನೋಡಿದ್ದು. ಕಾಲು ಜಾರಿದೆ ಎಂದು ಊರಿಗೆ ಊರೇ ಹೇಳಿತು. ಹೆಡ್ ಹಾಗೆಂದು ಬರೆದೂ ಆಗಿತ್ತು. ಆದರೆ ಜೀವ ಹೋದದ್ದು ಮಧ್ಯಾಹ್ನವೇ ಎಂದರು ಡಾಕ್ಟರು. ಅಡುಗೆಮನೆಯಲ್ಲಿ ಮುಚ್ಚಿಟ್ಟ ಪಾತ್ರೆಯ ಹಾಲು ಮಾತ್ರ ಆಗತಾನೇ ಕರೆದದ್ದು, ಪಕ್ಕದ ಮನೆಯವಳು ಕಂಡಾಗ ನೊರೆ ಇಳಿದಿರಲಿಲ್ಲ. ಸತ್ತವಳೇನು ಎದ್ದು ಬಂದು ಹಾಲು ಕರೆದಳೇ?

ಆ ಹಸು ಮುಟ್ಟಿದವರನ್ನೆಲ್ಲ ಒದೆಯುತ್ತದೆ. ಪಕ್ಕದ ಮನೆಯವಳನ್ನು ಒದೆಯಿತು, ಹೆಡ್ಡನ್ನು ಒದೆಯಿತು, ನನ್ನ ಮೊಣಕಾಲು ಇನ್ನೂ ಊದಿದೆ. ನಗುತ್ತೀಯ, ನಗು. "ಅದಕ್ಕೆ ನಿಮ್ಮ ಸ್ಟಾರು ಕಾಣ್ಸಲ್ಲ ಸಾರ್" ಎಂದು ಹೆಡ್ಡೂ ಹಲ್ಲು ಕಿರಿದ. ಅದು ಸುಮ್ಮನೆ ನಿಲ್ಲುವುದು ಇಬ್ಬರಿಗೇ: ಸತ್ತವಳಿಗೆ, ಮತ್ತು ಅದನ್ನು ಕರುವಾಗಿದ್ದಾಗಿನಿಂದ ಸಾಕಿದ ಅವಳ ತಮ್ಮನಿಗೆ.

ಈ ತಮ್ಮ, ಹೊಲದ ಪಾಲಿಗಾಗಿ ಅಕ್ಕನೊಡನೆ ಜಗಳ ತೆಗೆದವನು. ಎರಡು ವರ್ಷದಿಂದ ಅಕ್ಕನ ಹೊಸಿಲು ತುಳಿದಿಲ್ಲವಂತೆ. ಠಾಣೆಯ ಬಕೆಟ್ ಕೊಟ್ಟು ಹಾಲು ಕರೆ ಎಂದೆ. (ಸಾಕ್ಷ್ಯದ ಪಾತ್ರೆಯಲ್ಲ, ಬೇರೆ ಬಕೆಟ್ಟೇ. ನೀನು ಕೇಳುತ್ತೀಯೆಂದು ಗೊತ್ತು.) ಹಸು ಅವನ ಭುಜ ನೆಕ್ಕುತ್ತಾ ನಿಂತಿತು. "ಹಾಲು ಕರಿಯೋದು ತಪ್ಪಾ ಸಾರ್?" ಎಂದ. ನನ್ನ ಲೆಕ್ಕ ಇಷ್ಟೇ: ಅಕ್ಕನನ್ನು ನೂಕಿ, ಅವಳ ಪೆಟ್ಟಿಗೆಯಲ್ಲಿ ಹೊಲದ ಪತ್ರ ಹುಡುಕುತ್ತಾ ಕೂತವನಿಗೆ, ಸಂಜೆ ಹಸು ಕೆಚ್ಚಲು ಬಿಗಿದು ಕೂಗಿದಾಗ ತಡೆಯಲಾಗಲಿಲ್ಲ. ಒಡಹುಟ್ಟಿದವಳ ಮೇಲಿಲ್ಲದ ಕರುಣೆ ಹಸುವಿನ ಮೇಲೆ! ನೆನೆದರೆ ಮೈ ಉರಿಯುತ್ತದೆ.

ಹಸುವನ್ನು ಕಟಕಟೆಗೆ ಹತ್ತಿಸಲಾಗದು. ನ್ಯಾಯಾಧೀಶರು ಅವನನ್ನು ನಮ್ಮ ವಶಕ್ಕೆ ಕೊಟ್ಟಿರುವುದು ಸೋಮವಾರದವರೆಗೆ ಮಾತ್ರ. ನನಗುಳಿದಿರುವುದು ಆ ಹಾಲಿನ ಪಾತ್ರೆ ಮತ್ತು ಮುಚ್ಚಳ. ಅದರ ಮೇಲೆ ಅವನ ಬೆರಳಚ್ಚಿದ್ದರೆ ಹೊಸಿಲು ತುಳಿಯದ ಕಥೆ ಮುಗಿಯಿತು. ಹೋಲಿಸಲು ಅವನ ಬೆರಳಚ್ಚನ್ನೂ ಕಳಿಸಿದ್ದೇನೆ. ಅಲ್ಲವಾದರೆ ಅಲ್ಲವೆಂದೇ ಬರೆ. ನನ್ನ ಹಿಂದಿನ ಮೂರು ಪಾರ್ಸಲ್ಲುಗಳಂತೆ ಇದನ್ನೂ ಮೂಲೆಗೆ ತಳ್ಳಬೇಡ. ನಿನ್ನ ಹಗೆ ನನ್ನ ಮೇಲಿರಲಿ. ಬಾವಿಗೆ ಬಿದ್ದವಳು ನಿನಗೇನೂ ಮಾಡಿಲ್ಲ.

ಇನ್ನು ಆ ಬೂಟಿನವನು. ಕೊಂದದ್ದು ಅವನೇ, ಇವತ್ತಿಗೂ ಹೇಳುತ್ತೇನೆ. ನಿನ್ನಿಂದಾಗಿ ತಪ್ಪಿಸಿಕೊಂಡ ಎಂದು ಊರೆಲ್ಲ ಸಾರಿಕೊಂಡು ಬಂದೆ. ಆದರೆ ಹೂಕುಂಡಕ್ಕೆ ಕೈ ಹಾಕಿ ಅವನ ಬೂಟಿಗೆ ಮಣ್ಣು ಮೆತ್ತಿದ್ದು ನಾನು, ಅವನು ತಪ್ಪಿಸಿಕೊಂಡದ್ದು ಅದರಿಂದ. ಇದನ್ನು ನನ್ನ ಕೈಯಲ್ಲಿ ಬರೆಸಿದೆಯೆಂದು ನಿನ್ನ ಮೇಲೆ ಇನ್ನಷ್ಟು ಸಿಟ್ಟು.

ಇಂತಿ,
ನಿನ್ನ ಮಾತಿನಿಂದ ಇಲ್ಲಿ ಬಂದು ಬಿದ್ದವನು

ಮರೆತಿದ್ದೆ: ಪಾರ್ಸಲ್ಲಿನ ತಳದಲ್ಲಿ ಒಂದು ಬೆಂಕಿಪೊಟ್ಟಣವಿದೆ. ಪಟ್ಟಿಯಲ್ಲಿ ಬರೆದಿಲ್ಲ. ಒಳಗಿರುವುದು ತಮ್ಮನ ಅಂಗಿಯ ಗುಂಡಿ. ಬಾವಿಯ ಹತ್ತಿರ ಸಿಕ್ಕಿದ್ದಲ್ಲ. ಮೊನ್ನೆ ಅವನ ಕೊರಳಪಟ್ಟಿ ಹಿಡಿದಾಗ ಕಿತ್ತು ನನ್ನ ಕೈಗೆ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ಸಲ ಬಾವಿಕಟ್ಟೆಯವರೆಗೆ ಹೋಗಿ ವಾಪಸು ಬಂದೆ. ನಿನ್ನ ಬೀರುವಿನಲ್ಲಿಟ್ಟು ಬೀಗ ಹಾಕು. ಸೋಮವಾರದೊಳಗೆ ನಾನೇ ಫೋನ್ ಮಾಡಿ ಕೇಳಿದರೂ ಕೊಡಬೇಡ. ನಾನು ಎಷ್ಟು ಗೋಗರೆದರೂ ಕೊಡದವಳು ನೀನೊಬ್ಬಳೇ.